ತಗ್ಗು ಮತ್ತು ತಗ್ಗಿಸಿಕೊಳ್ಳುವದು: ಕನ್ನಡ ಕ್ರೈಸ್ತ ಬರವಣಿಗೆಯಲ್ಲಿ ದೀನತೆಯ ವಿಚಾರ

ಕ್ರೈಸ್ತ ಸಾಧನೆಯಲ್ಲಿ ದೀನತೆಗೆ ಇರುವ ಸ್ಥಾನವು ಎಲ್ಲರಿಗೂ ವಿದಿತವಾದದ್ದೇ. ಆದರೆ ಆ ಗುಣವನ್ನು ಕನ್ನಡದಲ್ಲಿ ಹೇಳಹೊರಟಾಗ ಯಾವ ಶಬ್ದವನ್ನು ಹಿಡಿಯಬೇಕು, ಹಿಡಿದ ಶಬ್ದವು ಅರ್ಥವನ್ನು ಎತ್ತ ಒಯ್ಯುತ್ತದೆ ಎಂಬುದರ ವಿವೇಚನೆ ನಡೆಯಬೇಕಾದಷ್ಟು ನಡೆದಿಲ್ಲವೆಂದು ತೋರುತ್ತದೆ. ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ಶ್ರಮದಿಂದ 1831ರಲ್ಲಿ ಬೈಬಲ್ ಪೂರ್ತಿಯಾಗಿ ಕನ್ನಡಕ್ಕೆ ಬಂದಿತು. ಕ್ರೈಸ್ತ ಬರವಣಿಗೆಯಲ್ಲಿ ವಿನಯ, ನಮ್ರತೆ, ದೀನತೆ, ತಗ್ಗಿಸಿಕೊಳ್ಳುವದು ಎಂಬ ಮಾತುಗಳು ಒಂದರ ಬದಲಿಗೆ ಒಂದು ಬರುತ್ತಲಿವೆ. ಇವು ಸಮಾನಾರ್ಥಕಗಳಲ್ಲ.

ವಿನಯವು ಶಿಕ್ಷಣದಿಂದ ಬರುವ ನಡತೆ. ಕಲಿತವನಿಗೆ, ಉಳ್ಳವನಿಗೆ ಒಪ್ಪುವ ಭೂಷಣ. ನಮ್ರತೆಯು ಬಾಗುವ ಭಂಗಿ. ದೀನತೆಯ ಮಾತು ಬೇರೆ. ಭರತನು ಎಣಿಸಿದ ಮೂವತ್ತುಮೂರು ವ್ಯಭಿಚಾರಿಭಾವಗಳಲ್ಲಿ ದೈನ್ಯವೂ ಒಂದು. ಅದು ದುರ್ಗತಿಯಿಂದ, ಮನಸ್ತಾಪದಿಂದ ಹುಟ್ಟುವಂಥದು. ಗುಣವಲ್ಲ, ಒದಗಿಬಂದ ಅವಸ್ಥೆ. ಗ್ರೀಕರ 'ತಪೈನೊಸ್' ಶಬ್ದದ ಹಣೆಬರಹವೂ ಹೀಗೆಯೇ ಇತ್ತು: ಹಳೆಯ ಗ್ರೀಕಿನಲ್ಲಿ ಅದು ಬಹುತರವಾಗಿ ಹೀನ ಎಂಬ ತಿರಸ್ಕಾರದ ನುಡಿ, ಹೊಸ ಒಡಂಬಡಿಕೆಯಲ್ಲಿ ಅದಕ್ಕೆ ಮಾನ ಬಂದಿತು. ನಮ್ಮ ದೀನತೆಗೆ ಆ ಮಾನವು ಇನ್ನೂ ಅರ್ಧವೇ ಸಂದಿದೆ.

ಅಚ್ಚಗನ್ನಡದ 'ತಗ್ಗು' ಎಂಬ ಮಾತು ಇಲ್ಲಿ ಹೆಚ್ಚು ಬೆಳಕು ಬೀರುವದು. ಕೃಷ್ಣೆಯ ದಂಡೆಯ ಕುಡಚಿ, ರಾಯಬಾಗ, ಅಥಣಿಗಳ ಸೀಮೆಯಲ್ಲಿ ತಗ್ಗು ಎಂದರೆ ಮೊದಲು ನೆಲದ ಮಾತು. ನೀರು ನಿಲ್ಲುವ ತಾಣ. 2005ರಲ್ಲಿ, 2019ರಲ್ಲಿ ನದಿಗೆ ಮಹಾಪೂರ ಬಂದಾಗ ತಗ್ಗಿನಲ್ಲಿ ಇರುವದೆಂದರೇನೆಂಬುದನ್ನು ಈ ಸೀಮೆಗೆ ಯಾರೂ ವಿವರಿಸಬೇಕಾಗಿರಲಿಲ್ಲ. ತಗ್ಗಿನಲ್ಲಿ ಮನೆ ಕಟ್ಟಿದವನು ಅದನ್ನು ಸಾಧನೆಗೆಂದು ಆರಿಸಿಕೊಂಡವನಲ್ಲ. ಬೇರೆಡೆ ನೆಲ ಸಿಕ್ಕದೆ ಕಟ್ಟಿದವನು.

ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಹೇಳುವದಾದರೂ ಬೇರೆ ಸಂಗತಿ. ದೇವಸ್ವರೂಪದಲ್ಲಿದ್ದವನು ತನ್ನನ್ನು ಬರಿದುಮಾಡಿ, ಆಳಿನ ರೂಪ ತಳೆದು ಕೆಳಗಿಳಿದನೆಂಬುದು ಅಲ್ಲಿಯ ವಿಷಯ. ಇಳಿಯುವದಕ್ಕೆ ಎತ್ತರವಿತ್ತು, ಇಳಿದದ್ದು ಸ್ವೇಚ್ಛೆಯಿಂದ. ಇದನ್ನು ಕನ್ನಡವು ಒಂದು ಸಹಾಯಕ ಕ್ರಿಯಾಪದದಿಂದಲೇ ಸಾಧಿಸಿದೆ. 'ತಗ್ಗಿಸು' ಎಂಬುದು ಪರರ ಮೇಲೂ ನಡೆಯಬಲ್ಲ ಕ್ರಿಯೆ. 'ಕೊಳ್ಳು' ಸೇರಿದೊಡನೆ ಕರ್ತೃವೂ ಕರ್ಮವೂ ಒಬ್ಬನೇ ಆಗುತ್ತಾನೆ. ತಗ್ಗಿಸಲ್ಪಟ್ಟವನಿಗೂ ತಗ್ಗಿಸಿಕೊಂಡವನಿಗೂ ಇರುವ ಅಂತರವೆಲ್ಲ ಈ ಚಿಕ್ಕ ಪದದಲ್ಲಿದೆ. (ನಮ್ಮ ವ್ಯಾಕರಣದ ತರಗತಿಗಳಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವದು ಕಷ್ಟ.)

ಉಪದೇಶದಲ್ಲಿ ಈ ಅಂತರವು ಅಳಿದರೆ ಆಗುವ ಅನರ್ಥ ಸಣ್ಣದಲ್ಲ. ಬೀದರ ಸೀಮೆಯಲ್ಲಿ ಮೆಥೊಡಿಸ್ಟ್ ಮಿಶನ್ನಿನ ಮೂಲಕ ಕ್ರೈಸ್ತರಾದವರಲ್ಲಿ ಬಹುಜನರು ದಲಿತರು. ತಲೆಮಾರುಗಳಿಂದ ಪರರು ತಗ್ಗಿಸಿದವರ ಮುಂದೆ ನಿಂತು 'ತಗ್ಗಿ ನಡೆಯಿರಿ' ಎಂದರೆ ಅದು ಪೌಲನ ಮಾತಾಗದು, ಊರಗೌಡನ ಮಾತಾದೀತು. ಅವರಿಗೆ ಆ ಅಧ್ಯಾಯವು ಮೊದಲು ಹೇಳಬೇಕಾದದ್ದು, ತಮ್ಮ ತಗ್ಗಿಗೆ ಒಬ್ಬನು ಇಳಿದು ಬಂದನೆಂಬ ವಾರ್ತೆ. ಇಳಿಯುವ ಅಭ್ಯಾಸದ ಭಾರವು ಎತ್ತರದಲ್ಲಿ ಕುಳಿತವರದು, ಉಪದೇಶಕರೂ ಅವರಲ್ಲಿ ಸೇರಿದರು.

ಆಚರಣೆಯ ಕಡೆಗೆ ಬಂದರೆ, ಯೇಸು ಶಿಷ್ಯರ ಕಾಲು ತೊಳೆದ ಪ್ರಸಂಗವನ್ನು ಈ ಭಾಗದ ಓದುಗರು ತಮ್ಮದೇ ಸಂಸ್ಕಾರದಿಂದ ಓದುವರು. ವೀರಶೈವರ ಅಷ್ಟಾವರಣಗಳಲ್ಲಿ ಪಾದೋದಕವಿದೆ. ಅಲ್ಲಿ ಭಕ್ತನು ಗುರುಜಂಗಮರ ಪಾದ ತೊಳೆಯುವನು. ಯೋಹಾನನ ಹದಿಮೂರನೆಯ ಅಧ್ಯಾಯದಲ್ಲಿ ನೀರು ಎದುರು ದಿಕ್ಕಿಗೆ ಹರಿಯುವದು: ಗುರುವೇ ಶಿಷ್ಯನ ಪಾದಕ್ಕೆ ಬಾಗುತ್ತಾನೆ. ಆದರೂ ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದಿದೆ. ಅದನ್ನು ಬಲ್ಲ ಓದುಗನಿಗೆ ಆಳಿನ ರೂಪವು ಅಪರಿಚಿತವಲ್ಲ. ಅಪರಿಚಿತವಾದದ್ದು ಒಡೆಯನೇ ಆಳಾಗುವದು.

ರೋಮನ್ ಕ್ಯಾಥೊಲಿಕರು ಪವಿತ್ರ ಗುರುವಾರದಂದು ಈ ಪ್ರಸಂಗವನ್ನು ವಿಧಿಯಾಗಿ ಆಚರಿಸುತ್ತಾರೆ. ಅವರ ವಿಧಿನಿಯಮವು ಬಹುಕಾಲ ಪುರುಷರ ಪಾದಗಳನ್ನಷ್ಟೇ ಹೇಳುತ್ತಿತ್ತು. ಪೋಪ್ ಫ್ರಾನ್ಸಿಸರ ಅಪ್ಪಣೆಯಿಂದ 2016ರಲ್ಲಿ ಸ್ತ್ರೀಯರಿಗೂ ಅದರಲ್ಲಿ ಎಡೆ ದೊರೆಯಿತು. ವರ್ಷಕ್ಕೊಮ್ಮೆ, ಮೊದಲೇ ಗೊತ್ತುಮಾಡಿದ ಪಾದಗಳನ್ನು ತೊಳೆಯುವದು ಸುಲಭವೆಂದು ಯಾರಾದರೂ ಆಕ್ಷೇಪಿಸಬಹುದು, ಆಕ್ಷೇಪ ಯೋಗ್ಯವೇ. ಆದರೆ ಪೇತ್ರನು ಮೊದಲು ಒಲ್ಲೆನೆಂದದ್ದನ್ನೂ ನೋಡಬೇಕು. ಅವನಿಗೆ ಕಷ್ಟವಾದದ್ದು ತೊಳೆಯುವದಲ್ಲ. ಗುರುವಿನ ಮುಂದೆ ಕಾಲು ನೀಡುವದು.