ಗೊಗೋಲನ ಗುಮಾಸ್ತ

ಕಚೇರಿಯ ಕಿರುಕುಳವನ್ನೆದುರಿಸಲು ‘ಭಾವನಾತ್ಮಕ ಬುದ್ಧಿವಂತಿಕೆ’ ಬೇಕೆಂಬ ಮಾತು ಈಚೆಗೆ ಎಲ್ಲೆಲ್ಲೂ ಕೇಳಿಬರುತ್ತಿದೆ. ಡೇನಿಯಲ್ ಗೋಲ್‌ಮನ್ 1995ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಮಾತು ಜನಜನಿತವಾಯಿತು. ಉಪದೇಶಕರು ಅದನ್ನು ಪೆಟ್ಟು ತಿನ್ನುವವನಿಗೇ ಬೋಧಿಸುವುದು ಹೆಚ್ಚು: ಸಿಟ್ಟಾಗಬೇಡ, ನಿನ್ನ ಕೆಲಸ ನೋಡಿಕೋ. ಇದು ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಗೊಗೋಲನ ‘ಓವರ್‌ಕೋಟ್’ (1842).

ಗೊಗೋಲ್ ತಾನೇ ಪೀಟರ್ಸ್‌ಬರ್ಗಿನ ಸರ್ಕಾರಿ ಕಚೇರಿಯಲ್ಲಿ ಕೆಲಕಾಲ ದುಡಿದವನು. ಅವನ ಅಕಾಕಿ ಅಕಾಕಿಯೆವಿಚ್ ನಕಲು ಬರೆಯುವ ಬಡ ಗುಮಾಸ್ತ. ಕಿರಿಯರು ಕಾಗದ ಹರಿದು ಅವನ ತಲೆಯ ಮೇಲೆ ಸುರಿದು ಹಿಮವೆನ್ನುತ್ತಾರೆ. ಎಪ್ಪತ್ತರ ಮನೆಯೊಡತಿಯೊಡನೆ ಮದುವೆ ಯಾವಾಗ ಎಂದು ಕೇಳುತ್ತಾರೆ. ಆತ ತುಟಿ ಬಿಚ್ಚುವುದಿಲ್ಲ. ಬರಹದಲ್ಲಿ ಒಂದು ತಪ್ಪೂ ನುಸುಳುವುದಿಲ್ಲ. ಸಂಯಮಕ್ಕೆ ಪರೀಕ್ಷೆಯಿದ್ದರೆ ಅವನಿಗೇ ಮೊದಲ ದರ್ಜೆ! ಕೀಟಲೆ ಮಾತ್ರ ನಿಲ್ಲಲಿಲ್ಲ. ಮೊಳಕೈ ತಳ್ಳಿ ಬರೆಯಗೊಡದಿದ್ದಾಗಷ್ಟೇ, ತನ್ನನ್ನು ಬಿಟ್ಟುಬಿಡಿರೆಂದು ಬೇಡುತ್ತಾನೆ.

ಕಥೆಯ ಜೀವವಿರುವುದು ಆ ಬೇಡಿಕೆಯನ್ನು ಕೇಳಿಸಿಕೊಂಡ ಒಂದು ಕಿವಿಯಲ್ಲಿ. ಹೊಸದಾಗಿ ಸೇರಿದ ತರುಣನೊಬ್ಬ, ಇತರರಂತೆ ತಾನೂ ನಗಹೊರಟವನು, ಚುಚ್ಚಿದಂತಾಗಿ ನಿಂತುಬಿಡುತ್ತಾನೆ. ಆ ದೀನ ಸ್ವರದಲ್ಲಿ ಅವನಿಗೆ ಒಡಹುಟ್ಟಿದವನ ಕರೆ ಕೇಳುತ್ತದೆ. ಈ ಭಾಗವನ್ನು ವಿಮರ್ಶಕರು ಬಹಳ ಹೊಗಳಿದ್ದಾರೆ, ಹೊಗಳತಕ್ಕದ್ದೇ. ಆದರೆ ನನ್ನದೊಂದು ತಕರಾರು. ತರುಣ ಬಹುಕಾಲ ಅದನ್ನು ನೆನೆನೆನೆದು ಮುಖ ಮುಚ್ಚಿಕೊಂಡನೆಂದು ಗೊಗೋಲ್ ಹೇಳುತ್ತಾನೆ. ಸಾಕು ನಿಲ್ಲಿಸಿರೆಂದು ಜೊತೆಯವರಿಗೆ ನುಡಿದನೆಂದು ಹೇಳುವುದಿಲ್ಲ. ಕರಗಿದ ಮನಸ್ಸು ಬಾಯಿಗೆ ಬಾರದಿದ್ದರೆ ಅಕಾಕಿಗೆ ಅದರಿಂದೇನಾಯಿತು? ಇದು ಕಥೆಗಾರನ ಮರೆವಲ್ಲ, ಸತ್ಯನಿಷ್ಠೆ ಎಂದೇ ನನ್ನ ಎಣಿಕೆ. ನಮ್ಮ ಕಚೇರಿಗಳಲ್ಲೂ ಮನಸ್ಸಿನಲ್ಲೇ ನೊಂದುಕೊಳ್ಳುವವರು ಬಹಳ, ಎದ್ದು ನುಡಿಯುವವರು ಕಡಿಮೆ.

ಮೇಲಧಿಕಾರಿಯ ಚಿತ್ರ ಇನ್ನೂ ಸೂಕ್ಷ್ಮ. ಆ ‘ಗಣ್ಯ ವ್ಯಕ್ತಿ’ ಮೂಲತಃ ಸಜ್ಜನ. ಪದವಿ ಬಂದ ಹೊಸತು, ಗತ್ತನ್ನು ಹಳೆಯ ಗೆಳೆಯನೆದುರು ಮೆರೆಸಬೇಕು. ಹೊಟ್ಟೆ ಕಟ್ಟಿ ಹೊಲಿಸಿಕೊಂಡ ಕೋಟು ಕಳವಾಯಿತೆಂದು ಮೊರೆಯಿಡಲು ಬಂದ ಅಕಾಕಿಯನ್ನು ಗದರಿ ಅಟ್ಟುತ್ತಾನೆ. ತತ್ತರಿಸಿ ಹೊರಬಿದ್ದವನು ಹಿಮಗಾಳಿಗೆ ಸಿಕ್ಕಿ, ಜ್ವರ ಹತ್ತಿ ಸಾಯುತ್ತಾನೆ. ವಾರದ ಮೇಲೆ ಅವನನ್ನು ವಿಚಾರಿಸಲು ಆಳು ಕಳುಹಿಸುವಷ್ಟು ಕರುಣೆ ಈ ದೊಡ್ಡ ಮನುಷ್ಯನಲ್ಲಿದೆ. ಕೋಣೆಯಲ್ಲಿ ಗೆಳೆಯನಿದ್ದಾಗ ಅದು ಎದ್ದಿರಲಿಲ್ಲ, ಅಷ್ಟೆ. ಕಡೆಗೆ ಪ್ರೇತ ಬಂದು ಅವನದೇ ಕೋಟನ್ನು ಕಿತ್ತುಕೊಂಡ ಮೇಲೆ ಅವನು ಕಲಿತದ್ದು ಇಷ್ಟು: ಗದರುವ ಮೊದಲು ಸಂಗತಿ ಏನೆಂದು ಕೇಳುವುದು.

ಅಷ್ಟರಲ್ಲಾಗಲೇ ಅಕಾಕಿಯ ಜಾಗದಲ್ಲಿ ಇನ್ನೊಬ್ಬ ಗುಮಾಸ್ತ ಕುಳಿತಾಗಿದೆ. ಅವನಿಗಿಂತ ಎತ್ತರದವನು, ಅಕ್ಷರ ಬಹಳ ಹೆಚ್ಚು ವಾಲಿದ್ದು.