ಜೋಡಿ ರೆಪ್ಪೆಯ ಮರುಶಸ್ತ್ರಚಿಕಿತ್ಸೆ: ಮುಚ್ಚಿದ ಕಣ್ಣಿನ ಸಾಕ್ಷ್ಯ

ಪೂರ್ವ ಏಷ್ಯಾದ ಜನರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಮೇಲ್ರೆಪ್ಪೆಯಲ್ಲಿ ಎದ್ದುಕಾಣುವ ಮಡಿಕೆ ಇರುವುದಿಲ್ಲ. ರೆಪ್ಪೆಯನ್ನು ಎತ್ತುವ ಲಿವೇಟರ್ ಎಂಬ ಸ್ನಾಯುವಿನ ಎಳೆಗಳು ಚರ್ಮಕ್ಕೆ ಬೆಸೆದುಕೊಂಡಿದ್ದರೆ, ಕಣ್ಣು ತೆರೆದಾಗ ಆ ಗೆರೆಯಲ್ಲಿ ಚರ್ಮ ಒಳಸರಿದು ಮಡಿಕೆ ಬೀಳುತ್ತದೆ. ಈ ಬೆಸುಗೆ ಇಲ್ಲದೆ, ಕಣ್ಣುಗುಳಿಯ ಕೊಬ್ಬು ರೆಪ್ಪೆಯ ಕೆಳಭಾಗದವರೆಗೂ ಇಳಿದಿದ್ದರೆ ರೆಪ್ಪೆ ಗೆರೆಯಿಲ್ಲದೆ ತುಂಬಿಕೊಂಡಂತೆ ಕಾಣುತ್ತದೆ. ಇಲ್ಲದ ಬೆಸುಗೆಯನ್ನು ಹೊಲಿಗೆಯಿಂದಲೋ ಕೊಯ್ತದಿಂದಲೋ ಉಂಟುಮಾಡುವುದೇ ಜೋಡಿ ರೆಪ್ಪೆಯ ಶಸ್ತ್ರಚಿಕಿತ್ಸೆ. ಜಪಾನಿನ ವೈದ್ಯ ಮಿಕಾಮೊ 1896ರಲ್ಲಿ ಇದನ್ನು ಮೊದಲು ದಾಖಲಿಸಿದಾಗ, ಒಂದೇ ಕಣ್ಣಿಗೆ ಮಡಿಕೆಯಿದ್ದ ಮಹಿಳೆಯ ಇನ್ನೊಂದು ಕಣ್ಣನ್ನು ಅದಕ್ಕೆ ಹೊಂದಿಸುವುದಷ್ಟೇ ಉದ್ದೇಶವಾಗಿತ್ತು. ಇಡೀ ಪದ್ಧತಿಯನ್ನು ಪಾಶ್ಚಾತ್ಯ ಮುಖದ ಅನುಕರಣೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಮೊದಲ ಶಸ್ತ್ರಚಿಕಿತ್ಸೆ ಮನಸ್ಸಿಗೆ ಒಪ್ಪದಿದ್ದಾಗ ಮಾಡುವ ತಿದ್ದುಪಡಿಯನ್ನು, ಮೊದಲನೆಯದರ ಪುನರಾವರ್ತನೆ ಎಂಬಂತೆ ಬಿಂಬಿಸುವುದು ಈ ವ್ಯವಹಾರದ ದೊಡ್ಡ ದೋಷ. ಹೊಲಿಗೆ ಸಡಿಲಗೊಂಡು ಮಡಿಕೆ ಮಾಸಿಹೋಗಿದ್ದರೆ ಅಥವಾ ತೀರಾ ತಗ್ಗಿನಲ್ಲಿ ಬಿದ್ದಿದ್ದರೆ ಅದನ್ನು ಮತ್ತೆ ಕಟ್ಟುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಮಡಿಕೆ ಎತ್ತರದಲ್ಲಿ ಬಿದ್ದಾಗ. ಎವೆಗೂದಲಿಗೂ ಮಡಿಕೆಗೂ ನಡುವಿನ ಪಟ್ಟಿ ಅಗಲವಾಗಿ, ವರ್ಷಗಳು ಕಳೆದರೂ ಇಳಿಯದ ಬಾವಿನಂತೆ ಕಾಣುತ್ತದೆ. ಎತ್ತರದಲ್ಲಿ ಅಂಟಿಕೊಂಡ ಗಾಯದ ಅಂಗಾಂಶವು ಸ್ನಾಯುವಿನ ಚಲನೆಗೆ ಅಡ್ಡಿಯಾಗುವುದರಿಂದ ಕಣ್ಣು ಅರೆತೆರೆದಂತಾಗಿ, ಅದನ್ನು ಸರಿದೂಗಿಸಲು ವ್ಯಕ್ತಿ ಅರಿವಿಲ್ಲದೆಯೇ ಹುಬ್ಬೇರಿಸುವ ಅಭ್ಯಾಸಕ್ಕೆ ಬೀಳುತ್ತಾನೆ. ಮೊದಲ ಬಾರಿಗೆ ಕೊಬ್ಬನ್ನು ಅತಿಯಾಗಿ ತೆಗೆದಿದ್ದರೆ ಮಡಿಕೆಯ ಮೇಲ್ಭಾಗ ಕುಳಿಬಿದ್ದು, ಬೇಡದ ಎರಡನೆಯ, ಮೂರನೆಯ ಗೆರೆಗಳೂ ಮೂಡುತ್ತವೆ.

ಇಂಥ ಮಡಿಕೆಯನ್ನು ಕೆಳಗಿಳಿಸಬೇಕಾದರೆ ಹಳೆಯ ಬೆಸುಗೆಯನ್ನು ಪೂರ್ತಿ ಬಿಡಿಸಬೇಕು. ಬಿಡಿಸಿದ ಎರಡು ಪದರಗಳು ಮತ್ತೆ ಅದೇ ಜಾಗದಲ್ಲಿ ಕೂಡಿಕೊಳ್ಳದಂತೆ ಅವುಗಳ ನಡುವೆ ಅಳಿದುಳಿದ ಕೊಬ್ಬನ್ನು ಎಳೆದು ಹರಡಬೇಕು, ಅದೂ ಸಾಲದಿದ್ದರೆ ಹೊಟ್ಟೆಯಿಂದಲೋ ತೊಡೆಯಿಂದಲೋ ಕೊಬ್ಬು ತಂದು ಕೂರಿಸಬೇಕು. ಅದಾದ ಮೇಲಷ್ಟೇ ತಗ್ಗಿನಲ್ಲಿ ಹೊಸ ಗೆರೆ ಕಟ್ಟಬಹುದು. ಸ್ಥಳೀಯ ಅರಿವಳಿಕೆ ಕೊಟ್ಟು, ವ್ಯಕ್ತಿಯನ್ನು ನಡುನಡುವೆ ಎಬ್ಬಿಸಿ ಕೂರಿಸಿ, ಕಣ್ಣು ತೆರೆಸಿ, ಮುಚ್ಚಿಸಿ, ಎರಡೂ ಕಡೆಯ ಎತ್ತರವನ್ನು ಹೋಲಿಸುತ್ತ ನಡೆಯುವ ಈ ಕೆಲಸದಲ್ಲಿ ಮಿಲಿಮೀಟರಿನ ಲೆಕ್ಕವೂ ಮುಖ್ಯ. ಚರ್ಮದ ಬಾಬ್ತಿನಲ್ಲಂತೂ ಸಾಲ ಸಿಗುವುದಿಲ್ಲ: ಹುಬ್ಬಿನಿಂದ ಎವೆಯಂಚಿನವರೆಗೆ ಸುಮಾರು 20 ಮಿಲಿಮೀಟರಿನಷ್ಟಾದರೂ ಚರ್ಮ ಇರಬೇಕೆಂಬುದು ರೆಪ್ಪೆಯ ಶಸ್ತ್ರವೈದ್ಯರ ಸಾಮಾನ್ಯ ಅಂದಾಜು, ಅದು ಕಡಿಮೆಯಾದಂತೆ ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚದೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಒಣಗುವ ಅಪಾಯ ಹೆಚ್ಚುತ್ತದೆ. ಎತ್ತರದ ಗೆರೆಯ ಹಳೆಯ ಕಲೆಯನ್ನು ಕತ್ತರಿಸಿ ತೆಗೆಯೋಣವೆಂದರೆ ಹಲವರಿಗೆ ಅಷ್ಟು ಚರ್ಮವೇ ಉಳಿದಿರುವುದಿಲ್ಲ, ಹಾಗಾಗಿ ಅದು ಹೊಸ ಮಡಿಕೆಯ ಮೇಲ್ಗಡೆ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಈ ಚಿಕಿತ್ಸೆಯ ಯಶಸ್ಸನ್ನು ಅಳೆಯುವ ರೂಢಿಯೇ ಪ್ರಶ್ನಾರ್ಹ. ದಕ್ಷಿಣ ಕೊರಿಯಾದ ಸೋಲ್‌ನ ಗಂಗ್ನಮ್ ಪ್ರದೇಶದಲ್ಲಿ, ಮುಖ್ಯವಾಗಿ ಅಪ್‌ಗುಜಂಗ್ ಮತ್ತು ಸಿನ್ಸಾ ಸುತ್ತಮುತ್ತ ಸಾಲುಗಟ್ಟಿರುವ ಚಿಕಿತ್ಸಾಲಯಗಳಲ್ಲಿ ಮರುಶಸ್ತ್ರಚಿಕಿತ್ಸೆ ಪ್ರತ್ಯೇಕ ಪರಿಣತಿಯೆಂಬಂತೆ ಪ್ರಚಾರ ಪಡೆದಿದೆ. ಪ್ರಚಾರಕ್ಕೆ ಆಧಾರ ಚಿಕಿತ್ಸೆಯ ಹಿಂದುಮುಂದಿನ ಜೋಡಿ ಚಿತ್ರಗಳು. ನೇರ ನೋಟದ, ಅರಳಿದ ಕಣ್ಣಿನ ಚಿತ್ರದಲ್ಲಿ ಮಡಿಕೆಯ ಎತ್ತರ ಕಾಣುತ್ತದೆಯೇ ಹೊರತು ಕಲೆಯ ಆಳ ಕಾಣುವುದಿಲ್ಲ. ಅದೇ ವ್ಯಕ್ತಿ ಪುಸ್ತಕ ಓದುವಂತೆ ನೋಟ ತಗ್ಗಿಸಿದರೆ ಅಥವಾ ಕಣ್ಣು ಮುಚ್ಚಿದರೆ, ಸಹಜ ಮಡಿಕೆಯ ಗೆರೆ ಬಹುಮಟ್ಟಿಗೆ ಬಿಚ್ಚಿಕೊಂಡು ಮಾಯವಾಗುವಲ್ಲಿ ಕೃತಕ ಮಡಿಕೆ ತೋಡಿನಂತೆ ಕೊರೆದು ನಿಂತಿರುವುದು, ಅದರ ಕೆಳಗಿನ ಚರ್ಮ ಬಿಗಿದು ಉಬ್ಬಿರುವುದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ವಿಮರ್ಶೆಗೆ ಬೇಕಾದ ಸಾಕ್ಷ್ಯ ಇರುವುದು ಈ ನೋಟದಲ್ಲಿ.

ಕಾಲದ ವಿಷಯದಲ್ಲೂ ಆತುರದ್ದೇ ಮೇಲುಗೈ. ಕಲೆ ಮೃದುವಾಗಿ ಬಾವು ಪೂರ್ತಿ ಇಳಿಯಲು ಸಾಮಾನ್ಯವಾಗಿ ಆರು ತಿಂಗಳಾದರೂ ಕಾಯಬೇಕೆಂಬುದು ಬಲ್ಲವರ ಮಾತು. ಮೂರನೆಯ ವಾರದಲ್ಲಿ ಎತ್ತರವೆನಿಸಿದ ಮಡಿಕೆ ಆರನೆಯ ತಿಂಗಳಿಗೆ ತಾನಾಗಿಯೇ ಹದಕ್ಕೆ ಬರುವುದುಂಟು. ಕಾಯಲು ಹೇಳುವ ವೈದ್ಯರಿಗೆ ಆ ದಿನ ಸಂಪಾದನೆ ಇಲ್ಲ, ನಿಜ. ಆದರೂ ಈ ಪದ್ಧತಿಯಲ್ಲಿ ನಿಸ್ಸಂಕೋಚವಾಗಿ ಮೆಚ್ಚಬೇಕಾದ್ದು ಅವರನ್ನೇ.

ಒಪ್ಪಿಕೊಂಡ ವೈದ್ಯರ ಬದಲು ಬೇರೊಬ್ಬರು ಶಸ್ತ್ರಚಿಕಿತ್ಸೆ ಮಾಡುವ ವಂಚನೆಗಳ ಹಿನ್ನೆಲೆಯಲ್ಲಿ ದಕ್ಷಿಣ ಕೊರಿಯಾ 2021ರಲ್ಲಿ ಕಾಯ್ದೆ ತಿದ್ದಿ, ಪ್ರಜ್ಞೆಯಿಲ್ಲದ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ಕೊಠಡಿಗಳಲ್ಲಿ ಕ್ಯಾಮೆರಾ ಕಡ್ಡಾಯಗೊಳಿಸಿತು. 2023ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ಎಚ್ಚರದಲ್ಲೇ ನಡೆಯುವ ರೆಪ್ಪೆಯ ತಿದ್ದುಪಡಿಗೆ ಅದರಿಂದ ಹೆಚ್ಚಿನ ನೆರವಿಲ್ಲ. ಇಲ್ಲಿ ಬೇಕಾಗಿರುವುದು ಮೊದಲ ಶಸ್ತ್ರಚಿಕಿತ್ಸೆಯ ದಾಖಲೆ: ಎಷ್ಟು ಚರ್ಮ ತೆಗೆಯಲಾಯಿತು, ಕೊಬ್ಬನ್ನು ಮುಟ್ಟಲಾಯಿತೇ, ಬೆಸುಗೆಯನ್ನು ಎಲ್ಲಿ ಹಾಕಲಾಯಿತು ಎಂಬ ವಿವರಗಳಿಲ್ಲದಿದ್ದರೆ ಎರಡನೆಯ ವೈದ್ಯರು ರೆಪ್ಪೆಯನ್ನು ಬಿಡಿಸಿದ ಮೇಲೆಯೇ ಪರಿಸ್ಥಿತಿ ತಿಳಿಯಬೇಕಾಗುತ್ತದೆ. ಆ ದಾಖಲೆಯನ್ನು ಕೇಳಿ ಪಡೆಯದ, ತಾನು ತಿದ್ದಿದ ರೆಪ್ಪೆಗಳ ಮುಚ್ಚಿದ ನೋಟವನ್ನು ತೋರಿಸದ ಯಾವ ಚಿಕಿತ್ಸಾಲಯದ ಯಶಸ್ಸಿನ ಹೇಳಿಕೆಯನ್ನೂ ಒಪ್ಪಬೇಕಾಗಿಲ್ಲ.