ಹಿಂದುಳಿದವನಿಗೆ ಕಾಯುವ ಆಟ

ಕಂಪ್ಯೂಟರ್ ಆಟಗಳನ್ನು ವಿಮರ್ಶಿಸುವವರು ಕತೆ, ಚಿತ್ರ, ಹಿಂಸೆಗಳ ಬಗ್ಗೆ ಬರೆಯುತ್ತಾರೆ. ಆಟ ಯಾರಿಗಾಗಿ ಕಾಯುತ್ತದೆ ಎಂದು ಕೇಳುವವರು ಕಡಿಮೆ. ನನಗೆ ಆ ಪ್ರಶ್ನೆ ಎದುರಾದದ್ದು 2002ರ ಸುಮಾರಿಗೆ, ಕಲಬುರಗಿಯ ಒಂದು ಸೈಬರ್ ಕೆಫೆಯಲ್ಲಿ. ಊರಿನ ಹೆಸರು ಆಗಿನ್ನೂ ಗುಲಬರ್ಗಾ.

ಹುಮನಾಬಾದ್ ದಾರಿಯ ಕಮಲಾಪುರದಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಒಳ್ಳೆಯ ಯಂತ್ರಗಳೆಲ್ಲ ಹೋಗಿರುತ್ತಿದ್ದವು. ನನಗೆ ಉಳಿಯುತ್ತಿದ್ದದ್ದು ಮೂಲೆಯ ಹಳೆಯ ಪೆಂಟಿಯಂ. ಕೇಬಲ್ಲಿನಲ್ಲಿ ಬೆಸೆದ ಆರು ಕಂಪ್ಯೂಟರುಗಳಲ್ಲಿ ನಾವು ಆಡುತ್ತಿದ್ದದ್ದು 1999ರ ‘ಏಜ್ ಆಫ್ ಎಂಪೈರ್ಸ್ 2’. ಭೂಪಟದ ತುಂಬ ಸೈನ್ಯ ಸೇರಿದೊಡನೆ ನನ್ನ ಯಂತ್ರ ಏದುಸಿರು ಬಿಡುತ್ತಿತ್ತು, ಅದರೊಂದಿಗೆ ಎಲ್ಲರ ಆಟವೂ ಕುಂಟುತ್ತಿತ್ತು. “ಏ, ಯಾರ್ದೋ ಅದು ನಿಂತದ?” ಎಂದು ಯಾರಾದರೂ ಕೂಗುವರು. ಎಲ್ಲರ ಕತ್ತೂ ಮೂಲೆಗೆ ತಿರುಗುವುದು. ನನಗೆ ನಾಚಿಕೆ.

ಕಾರಣ ತಿಳಿದದ್ದು ಎಷ್ಟೋ ವರ್ಷಗಳ ನಂತರ. ನೂರಾರು ಸೈನಿಕರ ಚಲನೆಯನ್ನು ಕ್ಷಣಕ್ಷಣಕ್ಕೂ ಕಳಿಸುವ ಶಕ್ತಿ ಅಂದಿನ ಮೋಡೆಮ್‌ಗಳಿಗೆ ಇರಲಿಲ್ಲ. ಹಾಗಾಗಿ ಈ ಆಟ ಆಟಗಾರರ ಆಜ್ಞೆಗಳನ್ನಷ್ಟೇ ಕಳಿಸುತ್ತಿತ್ತು. ಇಡೀ ಯುದ್ಧವನ್ನು ಪ್ರತಿ ಕಂಪ್ಯೂಟರೂ ತಾನೇ ಲೆಕ್ಕ ಹಾಕುತ್ತಿತ್ತು. ಎಲ್ಲರ ಲೆಕ್ಕವೂ ಒಂದೇ ಆಗಿರಬೇಕಾದ್ದರಿಂದ ಯಾರೂ ಮುಂದೆ ಓಡುವಂತಿಲ್ಲ. 1993ರ ‘ಡೂಮ್’ ಕೂಡ ಹೀಗೆಯೇ. ಎಲ್ಲರ ವೇಗವನ್ನೂ ನಿರ್ಧರಿಸುವುದು ಅತಿ ನಿಧಾನದ ಯಂತ್ರ.

ಇದು ಕರುಣೆಯಲ್ಲ, ತಂತಿಯ ಬಡತನ. ಆದರೂ ಫಲ ವಿಚಿತ್ರ. ಆಟದ ವಸ್ತು ಸಾಮ್ರಾಜ್ಯ, ದಂಡಯಾತ್ರೆ. ರೂಪ ಮಾತ್ರ ಊಟದ ಪಂಕ್ತಿಯದು. ಕೊನೆಯವನ ಊಟ ಮುಗಿಯದೆ ಯಾರೂ ಏಳುವಂತಿಲ್ಲ. ಎಷ್ಟು ಬಯ್ದರೂ ನನ್ನನ್ನು ಬಿಟ್ಟು ಹೋಗಲು ಅವರಿಗೆ ಆಗುತ್ತಿರಲಿಲ್ಲ.

ಮುಂದೆ ನಮ್ಮ ಕೆಫೆಗೆ ‘ಕೌಂಟರ್-ಸ್ಟ್ರೈಕ್’ ಬಂತು. ಅದರ ಸರ್ವರ್ ಯಾರಿಗೂ ಕಾಯುವುದಿಲ್ಲ. ನನ್ನ ಪರದೆ ತಡವರಿಸುವಷ್ಟರಲ್ಲಿ ನಾನು ಸತ್ತಿರುತ್ತಿದ್ದೆ. ಸುತ್ತು ಮುಗಿಯುವ ತನಕ ಉಳಿದವರ ಆಟ ನೋಡುತ್ತ ಕೂರಬೇಕು, ಗಂಟೆಯ ದುಡ್ಡು ಕೊಡುತ್ತಲೇ. ಈಗ ಮೂಲೆಯತ್ತ ಯಾರೂ ತಿರುಗುತ್ತಿರಲಿಲ್ಲ. ನಾಚಿಕೆ ತಪ್ಪಿತು, ಆದರೆ ನಾನೂ ಆಟದಲ್ಲಿದ್ದೇನೆ ಎಂಬ ಭಾವವೂ ಹೋಯಿತು.

2019ರಲ್ಲಿ ‘ಎಂಪೈರ್ಸ್ 2’ ಹೊಸ ಆವೃತ್ತಿ ಕಂಡಿತು. ಅದರಲ್ಲಿ ಶ್ರೇಯಾಂಕದ ಪಂದ್ಯ ಆಡಬೇಕಾದರೆ ಮೊದಲು ನಿಮ್ಮ ಕಂಪ್ಯೂಟರು ವೇಗದ ಪರೀಕ್ಷೆ ಪಾಸಾಗಬೇಕು. ಕಾಯುವ ಕಷ್ಟವನ್ನು ಆಟ ಬಗೆಹರಿಸಿಕೊಂಡದ್ದು ಹೀಗೆ, ನಿಧಾನದವರನ್ನು ಬಾಗಿಲಲ್ಲೇ ತಡೆದು. ಪಂಕ್ತಿಯಲ್ಲಿ ಯಾರನ್ನು ಕೂರಿಸಬೇಕು ಎಂಬುದು ನಮಗೆ ಹೊಸ ಪ್ರಶ್ನೆಯೇನಲ್ಲ. ಆ ಮೂಲೆಯ ಪೆಂಟಿಯಂ ಹೊತ್ತು ಇಂದು ನಾನು ಹೋದರೆ, ನನಗೆ ಅಲ್ಲಿ ಎಲೆ ಹಾಕುವುದಿಲ್ಲ.